ಮಾರೆನ್‌ಗೆ ನೆನಪಿಲ್ಲದ ಗೋಲು

ಸೆಪ್ಟೆಂಬರ್ 4, ಬುಧವಾರ

ಮೈದಾನಕ್ಕೆ ಮತ್ತೆ ಗೆರೆ ಎಳೆದೆ. ಸುಣ್ಣದ ಗಾಡಿಯ ಚಕ್ರ ಎಡಕ್ಕೆ ಎಳೆಯುತ್ತದೆ, ನನ್ನ ಕೆಟ್ಟ ಮಂಡಿಯೂ ಎಡದ್ದೇ. ಇಬ್ಬರೂ ಸೇರಿ ನಡುಗೆರೆಯನ್ನು ಸೊಟ್ಟ ಮಾಡಿದೆವು. ಯಾರೂ ಗಮನಿಸಲಿಲ್ಲ. ನದಿಯಿಂದ ಮಂಜು ಎದ್ದು ಸೇತುವೆಯನ್ನು ಅರ್ಧ ನುಂಗಿತ್ತು. ಮೇಲೆ ಹೋಗುವ ಲಾರಿಗಳ ಸದ್ದು ಮಾತ್ರ. ಆಕಾಶದಲ್ಲಿ ಯಾರೋ ಮಂಚ ಎಳೆದಂತೆ.

ನಾಲ್ಕಕ್ಕೆ ಹುಡುಗಿಯರು ಬಂದರು. ಹದಿನೆಂಟು ಜನ. ಅವರಿಗೆ ನಾನು ಸ್ಕೂಲಿನ ಆಟದ ಟೀಚರ್, ಕೋಚ್ ಅರೂಡಾ. ದೇಶದ ಪರವಾಗಿ ಮೂವತ್ತೊಂದು ಫುಟ್‌ಬಾಲ್ ಪಂದ್ಯ ಆಡಿದವಳು ಎಂದು ಒಬ್ಬಳಿಗೋ ಇಬ್ಬರಿಗೋ ಗೊತ್ತಿದ್ದೀತು.

ಬೆಳಗಿನ ಜಾವ ಅದೇ ಕನಸು. ಚೆಂಡು ಬರುತ್ತಿದೆ, ನೀರಿನೊಳಗಿಂದ ಬಂದಂತೆ, ತೀರ ನಿಧಾನ. ತಿರುಗಿ ನೋಡದೆಯೇ ಗೊತ್ತು — ಬಲಕ್ಕೆ, ಹನ್ನೆರಡು ಹೆಜ್ಜೆ ಮುಂದೆ, ಮಾರೆನ್ ಓಡಲು ಶುರುಮಾಡಿದ್ದಾಳೆ. ಕಾಲು ಎತ್ತುತ್ತೇನೆ. ಎಚ್ಚರ.

ಮನೆಗೆ ಬಂದರೆ ಇಮೇಲ್. ಪ್ರಾವಿಡೆನ್ಸಿನ ನಮ್ಮ ಹಳೆಯ ಕ್ಲಬ್, ಹಾರ್ಬರ್. ಹೊಸ ಸ್ಟೇಡಿಯಂ ಕಟ್ಟಿದ್ದಾರೆ. ಅಕ್ಟೋಬರ್ 19ರಂದು ಎರಡು ಅಂಗಿಗಳನ್ನು ಅಲ್ಲಿ ಮೇಲೇರಿಸುತ್ತಾರಂತೆ. ಆರು ಮತ್ತು ಹತ್ತು. ಇನ್ನು ಮುಂದೆ ಆ ನಂಬರುಗಳನ್ನು ಯಾರಿಗೂ ಕೊಡುವುದಿಲ್ಲ. ಆರು ನಾನು. ಹತ್ತು ಮಾರೆನ್ ಟೊಲೆಫ್‌ಸನ್.

ಅವಳ ದನಿ ಕೇಳಿ ಎಂಟು ವರ್ಷವಾಯಿತು.

ಸೆಪ್ಟೆಂಬರ್ 5

ಅಮ್ಮನಿಗೆ ಹೇಳಿದೆ. ಅವಳು ಕೆಳಗಿನ ಮನೆಯಲ್ಲಿ, ನಾನು ನಡುವಿನದರಲ್ಲಿ, ಮೇಲಿನದು ಖಾಲಿ. ಕೇಲ್ ಸೊಪ್ಪಿನ ಸಾರು ಕುದಿಯುತ್ತಿತ್ತು. ಸೌಟು ತಿರುಗಿಸುತ್ತಲೇ ಕೇಳಿದಳು.

"ಆ ಬಿಳಿ ಹುಬ್ಬಿನವಳು ಬರ್ತಾಳಾ?"

"ಗೊತ್ತಿಲ್ಲ."

"ನೀನು ಕರೆದ್ಯಾ?"

"ಕ್ಲಬ್ಬಿನವರು ಕರೀತಾರಮ್ಮ."

"ಹನ್ನೊಂದು ವರ್ಷ ಒಂದೇ ರೂಮಲ್ಲಿ ಮಲಗಿದೋರು. ಈಗ ಕ್ಲಬ್ಬಿನೋರು ಕರೀಬೇಕು." ಉಪ್ಪು ನೋಡಿದಳು. "ಕೂತ್ಕೋ. ಉಣ್ಣು."

ಎಲ್ಲಿಂದ ಶುರುವಾಯಿತೆಂದು ಯೋಚಿಸುತ್ತಾ ಉಂಡೆ. ಅಪ್ಪ ಪರದೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವನು. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಹಳೆಯ ಹತ್ತಿ ಗಿರಣಿಯ ಹಿಂದೆ ನಮ್ಮ ಹಾಗೆಯೇ ದ್ವೀಪದಿಂದ ವಲಸೆ ಬಂದ ಗಂಡಸರೆಲ್ಲ ಆಡುತ್ತಿದ್ದರು. ನನಗೆ ಏಳು ವರ್ಷ. ಅತ್ತೂ ಅತ್ತೂ ನನ್ನನ್ನೂ ಆಟಕ್ಕೆ ಸೇರಿಸಿಕೊಳ್ಳುವಂತೆ ಮಾಡಿದೆ. ಅಪ್ಪ ನನ್ನ ಭುಜ ಹಿಡಿದು ಅಂಗಳದ ಮಧ್ಯಕ್ಕೆ ತಂದು ನಿಲ್ಲಿಸಿದ. "ಡೆಲ್ಫಿನಾ, ಇಲ್ಲೇ ನಿಂತ್ಕೋ. ಚೆಂಡು ಬಂದ್ರೆ ಇಟ್ಕೋಬೇಡ, ನಮ್ಮೋರಿಗೆ ಕೊಟ್ಬಿಡು." ಅಷ್ಟೆ. ಮುಂದಿನ ಇಪ್ಪತ್ತೇಳು ವರ್ಷ ನಾನು ಮಾಡಿದ್ದು ಅದನ್ನೇ.

ವರ್ಜೀನಿಯಾದ ಕಾಲೇಜಿನಲ್ಲಿ ಮಾರೆನ್ ಸಿಕ್ಕಳು. ಉತ್ತರದ ದೊಡ್ಡ ಸರೋವರದ ದಡದವಳು, ಡುಲೂತ್ ಊರು. ಬಿಸಿಲಿಗೆ ಹುಬ್ಬೇ ಕಾಣಿಸುವುದಿಲ್ಲ, ಅಷ್ಟು ಬಿಳಿ. ಮೊದಲ ದಿನ ನನ್ನ ಪಾಸ್ ಅವಳ ಹಿಂದೆ ಬಿತ್ತು. "ನಾನು ನಿಂತಿರೋ ಕಡೆ ಕೊಡಬೇಡ, ಹೋಗೋ ಕಡೆ ಕೊಡು" ಎಂದಳು. ಎಲ್ಲಿಗೆ ಹೋಗ್ತೀಯ ಅಂತ ನಂಗೇನು ಗೊತ್ತು, ಎಂದೆ. "ಗೊತ್ತಾಗುತ್ತೆ."

ಗೊತ್ತಾಯಿತು. ಹೇಗೆ ಎಂದು ಇವತ್ತಿಗೂ ಹೇಳಲಾರೆ.

ಸೆಪ್ಟೆಂಬರ್ 9, ಸೋಮವಾರ

ಕ್ಲಬ್ಬಿನ ಮ್ಯಾನೇಜರ್ ಡ್ವೈಟ್ ಹೋಲ್ಕಂಬ್ ಫೋನ್ ಮಾಡಿದ. ಮಾತು ಬೆಣ್ಣೆ.

"ಮಾರೆನ್ ಉತ್ತರಾನೇ ಕೊಡ್ತಿಲ್ಲ. ನೀವೊಂದು ಮಾತು ಹೇಳಿದ್ರೆ..."

"ನಾವು ಮಾತಾಡಲ್ಲ ಡ್ವೈಟ್."

"ಗೊತ್ತು. ಆದ್ರೆ ಎರಡೂ ಅಂಗಿ ಒಟ್ಟಿಗೇ ಏರಬೇಕು. ಒಂದೇ ಅಂದ್ರೆ ಚೆನ್ನಾಗಿರಲ್ಲ. ದೊಡ್ಡ ಪರದೆ ಮೇಲೆ ಆ ಗೋಲು ಹಾಕ್ತೀವಿ. ಅವರು ಅದರ ಬಗ್ಗೆ ಎರಡು ನಿಮಿಷ ಮಾತಾಡಬೇಕು, ಅಷ್ಟೆ."

ಆ ಗೋಲು. ಹತ್ತು ವರ್ಷದ ಹಿಂದಿನ ಲೀಗ್ ಫೈನಲ್. ಎಂಬತ್ತೆಂಟನೇ ನಿಮಿಷ. ನನ್ನ ಪಾಸ್, ಅವಳ ಗೋಲು. ಹಾರ್ಬರ್ ಗೆದ್ದ ಒಂದೇ ಕಪ್. ಪ್ರಾವಿಡೆನ್ಸಿನ ಒಂದು ಬಾರಿನ ಗೋಡೆಯ ಮೇಲೆ ಇವತ್ತಿಗೂ ಅದರ ಫೋಟೋ ಇದೆ.

ನೋಡ್ತೀನಿ ಎಂದೆ. ನೋಡಲಿಲ್ಲ.

ಸೆಪ್ಟೆಂಬರ್ 15, ಭಾನುವಾರ

ಮಧ್ಯಾಹ್ನದ ಬಿಸಿಲು ಅಡುಗೆಮನೆಯ ನೆಲದ ಮೇಲೆ ಹಾಲಿನಂತೆ ಚೆಲ್ಲಿದೆ. ಎದ್ದು ಹೋಗಲು ಮನಸ್ಸಿಲ್ಲ. ಬರೆದೇಬಿಡುತ್ತೇನೆ. ಎಂಟು ವರ್ಷದಲ್ಲಿ ಒಂದು ಸಲವೂ ಬರೆದಿಲ್ಲ.

ವಿಶ್ವಕಪ್ಪಿಗೆ ಮೂರು ವಾರ ಇತ್ತು. ಲೀಗ್ ಪಂದ್ಯವೊಂದರಲ್ಲಿ ಗೋಲ್‌ಕೀಪರಿನ ತಲೆ ಮಾರೆನ್ ತಲೆಗೆ ಬಡಿಯಿತು. ಎದ್ದಳು, ಆಡಿದಳು. ದೇಶದ ತಂಡದ ಕ್ಯಾಂಪಿಗೆ ಬಂದ ದಿನ ನಮ್ಮ ರೂಮಿನ ಕಿಟಕಿಗೆ ಕಂಬಳಿ ಕಟ್ಟಿದಳು. ಬೆಳಕು ಚುಚ್ಚುತ್ತದೆ ಎಂದಳು.

"ಚೆಂಡು ಎರಡು ಕಾಣ್ತಿದೆ ಡೆಲ್."

"ಏನ್ ಮಾಡ್ತೀಯ ಮತ್ತೆ?"

"ಎಡಗಡೇದನ್ನ ಒದೀತೀನಿ. ಸಾಮಾನ್ಯವಾಗಿ ಅದೇ ನಿಜ."

ನಕ್ಕೆವು. ಯಾರಿಗೂ ಹೇಳಬೇಡ ಎಂದಳು. ನಾನು ಹೇಳಲಿಲ್ಲ. ಒಂಬತ್ತು ದಿನ. ಅವಳು ಸಿಂಕಿನಲ್ಲಿ ವಾಂತಿ ಮಾಡುವಾಗ ನಲ್ಲಿ ಬಿಟ್ಟು ಸದ್ದು ಮುಚ್ಚಿದೆ. ಹತ್ತನೇ ದಿನ ಡಾಕ್ಟರ ಬಾಗಿಲು ತಟ್ಟಿದೆ.

ಅವಳನ್ನು ತಂಡದಿಂದ ತೆಗೆದರು. ಆವರೆಗೆ ನಾನು ಬೆಂಚಿನವಳು. ಹನ್ನೊಂದರಲ್ಲಿ ನನಗೆ ಜಾಗವಿರಲಿಲ್ಲ. ಅವಳ ಜಾಗಕ್ಕೆ ನನ್ನನ್ನು ಹಾಕಿದರು. ನಾಲ್ಕು ಪಂದ್ಯ ಆಡಿದೆ, ಕ್ವಾರ್ಟರ್ ಫೈನಲ್ಲಿನಲ್ಲಿ ಸೋತು ಮನೆಗೆ ಬಂದೆವು. ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ಹಿಂದೆಂದೂ ಆಡಿರಲಿಲ್ಲ, ಮುಂದೆಂದೂ ಆಡಲಿಲ್ಲ.

ಮಾರೆನ್ ಮತ್ತೆ ಅಂಗಳಕ್ಕೆ ಇಳಿಯಲೇ ಇಲ್ಲ.

ವಿಶ್ವಕಪ್ಪಿಗೆ ಹೊರಡುವ ಮುಂಚೆ, ಅವಳಿಗೆ ಕೊಟ್ಟಿದ್ದ ಬೇರೆ ರೂಮಿಗೆ ಹೂವು ಒಯ್ದಿದ್ದೆ. ನಿನ್ನ ಒಳ್ಳೆಯದಕ್ಕೇ ಹೇಳಿದೆ ಎಂದೆ. ಕತ್ತಲಲ್ಲಿ ಮಲಗಿದ್ದಳು. "ಸರಿ" ಎಂದಳು. ಅದೇ ಕೊನೆಯ ಮಾತು.

ಅವಳ ಒಳ್ಳೆಯದಕ್ಕೇ ಹೇಳಿದ್ದೆನೆ? ಒಂಬತ್ತನೇ ದಿನ ಸಂಜೆ ಕೋಚ್ ಹನ್ನೊಂದು ಹೆಸರು ಓದಿದ್ದರು. ನನ್ನದು ಇರಲಿಲ್ಲ. ಮರುದಿನ ಬೆಳಿಗ್ಗೆ ಡಾಕ್ಟರ ಬಾಗಿಲು...

ಬಿಸಿಲು ಗೋಡೆ ಹತ್ತಿತು. ಸಾಕು.

ಸೆಪ್ಟೆಂಬರ್ 29

ಫೋನ್ ಮಾಡಿದೆ. ಆರು ಸಲ ರಿಂಗಾಯಿತು.

"ಡೆಲ್" ಎಂದಳು. ಪ್ರಶ್ನೆಯಲ್ಲ. ನನ್ನ ನಂಬರ್ ಇನ್ನೂ ಇಟ್ಟುಕೊಂಡಿದ್ದಾಳೆ.

"ಹೂಂ. ಹೇಗಿದೀಯ?"

"ದೋಣಿಗೆ ಬಣ್ಣ ಹಚ್ತಾ ಇದೀನಿ. ಒಣಗೋ ಮುಂಚೆ ಮುಗಿಸಬೇಕು."

ಹಿಂದೆ ನೀರಿನ ಸದ್ದು. ಆ ಸರೋವರ. ಇಬ್ಬರೂ ಸುಮ್ಮನಿದ್ದೆವು. ಅಂಗಳದಲ್ಲಿ ಚೆಂಡು ದೂರದಲ್ಲಿದ್ದಾಗ ನಾವಿಬ್ಬರೂ ಹೀಗೆಯೇ ಸುಮ್ಮನೆ ನಡೆಯುತ್ತಿದ್ದೆವು.

"ಹತ್ತೊಂಬತ್ತಕ್ಕೆ ಬರ್ತೀಯಾ?"

"ಅವರು ಆ ಗೋಲಿನ ಬಗ್ಗೆ ಮಾತಾಡು ಅಂತಾರೆ."

"ಎರಡು ನಿಮಿಷ ಅಂತೆ."

"ಎರಡು ನಿಮಿಷ ತುಂಬಾ ಆಯ್ತು" ಎಂದಳು. "ಬಣ್ಣ ಒಣಗ್ತಿದೆ ಡೆಲ್."

ಇಟ್ಟುಬಿಟ್ಟಳು.

ಅಕ್ಟೋಬರ್ 2

ಏನೂ ಇಲ್ಲ. ಪ್ರಾಕ್ಟೀಸ್. ಮಂಜು.

ಅಕ್ಟೋಬರ್ 11, ಶುಕ್ರವಾರ

ಮಾರೆನ್ ಮೆಸೇಜ್ ಬಂತು. ನಾಳೆ ನಾಲ್ಕು ಗಂಟೆಗೆ ಬಾಸ್ಟನ್ ಬಸ್ಸು. ಉಳಿಯಲು ಜಾಗ ಇದೆಯೇ. ಅಷ್ಟೇ ಸಾಲು.

ಅಮ್ಮ ಮೇಲಿನ ಮನೆಯ ಕಿಟಕಿಗಳನ್ನೆಲ್ಲ ತೆಗೆದು ಗುಡಿಸಿದಳು. ಆಮೇಲೆ ಹಿಟ್ಟು ನಾದಲು ಕೂತಳು. ಸಿಹಿ ರೊಟ್ಟಿಗೆ, ಈಸ್ಟರಿಗೆ ಮಾಡುವಂಥದ್ದು.

"ಎಂಟು ವರ್ಷ ಮಗಳ ಹತ್ರ ಮಾತು ಬಿಟ್ಟೋಳಿಗೆ ಸಿಹಿ ರೊಟ್ಟಿ" ಎಂದೆ.

"ನಿನ್ನ ಹತ್ರ ಬಿಟ್ಟಿದ್ದು. ನಂಗೆ ಪ್ರತಿ ಕ್ರಿಸ್ಮಸ್ಸಿಗೆ ಕಾರ್ಡ್ ಹಾಕ್ತಾಳೆ."

ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ. "ಅಮ್ಮ, ಹೇಳಲೇ ಇಲ್ವಲ್ಲ ನೀನು."

"ನೀನು ಕೇಳಿದ್ಯಾ?"

ಅಕ್ಟೋಬರ್ 12, ಶನಿವಾರ

ಬಸ್ಸಿನಿಂದ ಕೊನೆಯವಳಾಗಿ ಇಳಿದಳು. ಕಪ್ಪು ಕನ್ನಡಕ, ಅಗಲ ಅಂಚಿನ ಟೋಪಿ. ತೆಳ್ಳಗಾಗಿದ್ದಾಳೆ. ಬೆರಳ ಸಂದಿನಲ್ಲಿ ಹಸಿರು ಬಣ್ಣ. ತಬ್ಬಿಕೊಳ್ಳಲಿಲ್ಲ. ಬ್ಯಾಗ್ ನನ್ನ ಕೈಗೆ ಕೊಟ್ಟಳು. ಅದೇ ಸಾಕಾಯಿತು.

ಅಮ್ಮ ಅವಳ ಮುಖ ಹಿಡಿದು ನೋಡಿದಳು. "ತಿಂತೀಯೋ ಇಲ್ವೋ ಅಲ್ಲಿ?"

"ಮೀನು ತಿಂತೀನಮ್ಮ."

"ಕೆರೆ ಮೀನು. ಅದೂ ಒಂದು ಮೀನಾ?"

ಮಾರೆನ್ ನಕ್ಕಳು. ಆ ನಗು ಬದಲಾಗಿಲ್ಲ. ಊಟಕ್ಕೆ ಅಮ್ಮ ದೀಪ ಹಾಕಲಿಲ್ಲ, ಯಾರೂ ಹೇಳದೆಯೇ. ಸಂಜೆಯ ಬೆಳಕಿನಲ್ಲೇ ಉಂಡೆವು, ಮೂವರೂ ನೀಲಿಯಾಗುತ್ತಾ.

ಅಕ್ಟೋಬರ್ 13, ಭಾನುವಾರ

ಮರೆಯುವ ಮುಂಚೆ ಬರೆಯಬೇಕು. ಮರೆಯುವ ಮುಂಚೆ! ಎಂಥ ಮಾತು ಬರೆದೆ.

ಬೆಳಿಗ್ಗೆ ಇಬ್ಬರೂ ಸ್ಕೂಲಿನ ಅಂಗಳಕ್ಕೆ ನಡೆದೆವು. ದಟ್ಟ ಮಂಜು. ಗೋಲಿನ ಕಂಬಗಳು ಕಾಣುತ್ತಿರಲಿಲ್ಲ. ಮಂಜಿನಲ್ಲಿ ಅವಳಿಗೆ ಆರಾಮವಂತೆ. ಕನ್ನಡಕ ತೆಗೆದಳು. ನಡುಗೆರೆಯ ಮೇಲೆ ನಿಂತು ಕೆಳಗೆ ನೋಡಿದಳು.

"ಇದು ಸೊಟ್ಟ ಇದೆ."

"ಗಾಡಿ ಸರಿ ಇಲ್ಲ."

"ನೀನೇ ಸರಿ ಇಲ್ಲ."

ಸ್ವಲ್ಪ ಹೊತ್ತು ನಡೆದೆವು. ಹುಲ್ಲು ಒದ್ದೆ. ಆಮೇಲೆ, ಹವೆಯ ಬಗ್ಗೆ ಹೇಳುವವಳಂತೆ, ಅವಳು ಹೇಳಿದಳು.

"ಆ ಫೈನಲ್ ನಂಗೆ ನೆನಪಿಲ್ಲ ಡೆಲ್."

"ಹತ್ತು ವರ್ಷ ಆಯ್ತಲ್ಲ, ನಂಗೂ ಎಲ್ಲಾ—"

"ಅಲ್ಲ. ಒಂದು ಚೂರೂ ಇಲ್ಲ. ಅವತ್ತೂ ಇರಲಿಲ್ಲ. ಶುರುವಾದ ಹತ್ತು ನಿಮಿಷಕ್ಕೆ ಒಬ್ಬಳ ಮೊಣಕೈ ಇಲ್ಲಿ ಬಡೀತು." ಕಿವಿಯ ಹಿಂದೆ ಮುಟ್ಟಿ ತೋರಿಸಿದಳು. "ಅಷ್ಟೇ. ಆಮೇಲೆ ನೆನಪಿರೋದು ಬಸ್ಸು. ಎಲ್ಲರೂ ಹಾಡ್ತಾ ಇದ್ರು. ನನ್ನ ಕೊರಳಲ್ಲಿ ಪದಕ. ಪಕ್ಕದಲ್ಲಿ ಕೂತೋಳನ್ನ ಕೇಳೋಣ ಅಂದ್ಕೊಂಡೆ, ಏನಾಯ್ತು ಅಂತ. ನಾಚಿಕೆಯಾಯ್ತು."

ಪಕ್ಕದಲ್ಲಿ ಕೂತವಳು ನಾನು.

"ಹತ್ತು ವರ್ಷ ಎಲ್ಲರೂ ಬಂದು ಆ ಗೋಲಿನ ಬಗ್ಗೆ ಹೇಳ್ತಾರೆ. ತಲೆ ಆಡಿಸ್ತೀನಿ. ವಿಡಿಯೋ ನೋಡಿದೀನಿ, ನೂರು ಸಲ. ಯಾರೋ ಒಬ್ಬಳು ಓಡ್ತಾಳೆ, ಹೊಡೀತಾಳೆ. ನನ್ನ ಥರಾನೇ ಇದಾಳೆ. ಅವಳಿಗೆ ಏನನ್ನಿಸ್ತು ಅಂತ ಎರಡು ನಿಮಿಷ ಮಾತಾಡಬೇಕಂತೆ ನಾನು."

ನನ್ನ ಒಳಗಿನಿಂದ ಒಂದು ಚಿತ್ರ ಮೇಲೆದ್ದು ಬರುತ್ತಿತ್ತು. ಆ ಫೈನಲ್. ಎರಡನೇ ಅರ್ಧ ಶುರುವಾಗುವಾಗ ಮಾರೆನ್ ಹತ್ತಿರ ಬಂದು, ನಾವು ಯಾವ ಕಡೆಗೆ ಹೊಡೀತಿದೀವಿ ಎಂದು ಕೇಳಿದ್ದಳು. ನಾನು ನಕ್ಕು ಬೆನ್ನಿಗೆ ಹೊಡೆದಿದ್ದೆ. ಐದು ನಿಮಿಷ ಬಿಟ್ಟು ಮತ್ತೆ ಅದನ್ನೇ ಕೇಳಿದ್ದಳು. ಮತ್ತೆ ನಕ್ಕಿದ್ದೆ.

ಅವಳಿಗೆ ಹೇಳಿದೆ. ಹಾಗೆಯೇ, ಏನನ್ನೂ ಬಿಡದೆ.

"ಎರಡು ಸಲ ಕೇಳಿದ್ನಾ?"

"ಎರಡು ಸಲ."

"ನೀನು ತಮಾಷೆ ಅಂದ್ಕೊಂಡೆ."

"ಅಂದ್ಕೊಂಡೆ. ಇಲ್ಲ, ಮಾರೆನ್... ಅಂದ್ಕೊಳ್ಳೋದು ಸುಲಭ ಇತ್ತು. ಒಂದು-ಒಂದು ಸಮ ಇತ್ತಲ್ಲ. ನೀನು ಬೇಕಾಗಿದ್ದೆ."

ಮಂಜಿನೊಳಗೆ ಎಲ್ಲೋ ಹಡಗು ಕೂಗಿತು. ಅವಳು ಟೋಪಿ ತೆಗೆದು ಮತ್ತೆ ಹಾಕಿಕೊಂಡಳು.

"ಇನ್ನೊಂದು ಕೇಳ್ತೀನಿ. ಕ್ಯಾಂಪಿನಲ್ಲಿ ಡಾಕ್ಟರಿಗೆ ಹೇಳಿದ್ಯಲ್ಲ. ನನಗೋಸ್ಕರ ಹೇಳಿದ್ದಾ, ಜಾಗಕ್ಕೋಸ್ಕರ ಹೇಳಿದ್ದಾ?"

ಎಂಟು ವರ್ಷ ಈ ಪ್ರಶ್ನೆಗೆ ಉತ್ತರ ತಯಾರು ಮಾಡಿಟ್ಟಿದ್ದೆ. ಅವನ್ನೆಲ್ಲ ಬಿಟ್ಟುಬಿಟ್ಟೆ.

"ಎರಡಕ್ಕೂ" ಎಂದೆ. "ಯಾವುದು ಎಷ್ಟು ಅಂತ ಗೊತ್ತಿಲ್ಲ. ನಿನ್ನ ಹೆಸರು ಓದಿದ್ರು, ನನ್ನದು ಓದಲಿಲ್ಲ. ಮರುದಿನ ಹೋಗಿ ಹೇಳಿದೆ."

ಮಂಜು ನಮ್ಮಿಬ್ಬರ ನಡುವೆಯೂ ಬಂದು ನಿಂತಂತಿತ್ತು.

"ಇದನ್ನ ಅವತ್ತೇ ಹೇಳಿದ್ರೆ ಒದ್ದುಬಿಡ್ತಿದ್ದೆ ನಿನ್ನ" ಎಂದಳು. "ಆಮೇಲೆ ಸರಿ ಹೋಗ್ತಿತ್ತು. ನೀನು ಹೂವು ತಂದೆ. ನನ್ನ ಒಳ್ಳೇದಕ್ಕೆ ಅಂದೆ. ಅದನ್ನ ಏನ್ ಮಾಡ್ಲಿ ನಾನು? ಇಷ್ಟು ವರ್ಷ ನಾನೇ ಕೆಟ್ಟೋಳು ಅಂದ್ಕೊಂಡಿದ್ದೆ, ಜೀವ ಉಳಿಸಿದ ಸ್ನೇಹಿತೆ ಮೇಲೆ ಸಿಟ್ಟು ಅಂತ."

"ಈಗ ಒದಿ."

"ಮಂಡಿ ನೋಡಿದೀನಿ ನಿಂದು. ಬಿದ್ರೆ ಏಳಲ್ಲ."

ವಾಪಸ್ ಬರುವಾಗ ಗೇಟಿನ ಹತ್ತಿರ ಕೇಳಿದಳು. "ಹೇಳು ಆ ಪಂದ್ಯ. ಮೊಣಕೈ ಬಡಿದಲ್ಲಿಂದ. ವಿಡಿಯೋದಲ್ಲಿ ಇಲ್ಲದ್ದನ್ನೆಲ್ಲ."

ಅಕ್ಟೋಬರ್ 14

ಹೇಳಿದೆ. ಮೇಲಿನ ಮನೆಯಲ್ಲಿ, ಪರದೆ ಎಳೆದು, ಅವಳು ಕಣ್ಣು ಮುಚ್ಚಿ ಮಲಗಿದ್ದಳು. ಮಧ್ಯಾಹ್ನ ಪೂರ್ತಿ ಹಿಡಿಯಿತು. ಹೇಳುತ್ತಾ ಹೇಳುತ್ತಾ ನಾನೂ ಅಲ್ಲಿಗೇ ಹೋದೆ.

ಒಣ ಹುಲ್ಲಿನ ವಾಸನೆ. ಪಕ್ಕದ ಬೇಕರಿಯಿಂದ ಗಾಳಿ ಬಂದಾಗ ದಾಲ್ಚಿನ್ನಿ. ಎದುರು ತಂಡದ ಏಳನೇ ನಂಬರಿನವಳು ಓಡುವಾಗಲೆಲ್ಲ ತನ್ನಷ್ಟಕ್ಕೆ ಎಣಿಸುತ್ತಿದ್ದಳು, ಒಂದು ಎರಡು ಮೂರು. ಎಂಬತ್ತನೇ ನಿಮಿಷಕ್ಕೆ ಮಾರೆನ್ ಬೂಟಿನ ದಾರ ಬಿಚ್ಚಿಕೊಂಡಿತು. ಅವಳು ಅದನ್ನು ನೋಡುತ್ತಾ ನಿಂತುಬಿಟ್ಟಳು. ನಾನೇ ಕೂತು ಕಟ್ಟಿದೆ. ಎಂಬತ್ತೆಂಟಕ್ಕೆ ಚೆಂಡು ನನ್ನ ಕಾಲಿಗೆ ಬಂತು. ಎಲ್ಲಾ ನಿಧಾನವಾಯಿತು. ಸದ್ದೆಲ್ಲ ದೂರ ಸರಿಯಿತು, ತಲೆ ನೀರಿಗೆ ಇಟ್ಟಂತೆ. ತಿರುಗಿ ನೋಡಲಿಲ್ಲ. ಅವಳು ಹೋಗುವ ಕಡೆಗೆ ಕೊಟ್ಟೆ.

"ನಾನು ಅಲ್ಲಿದ್ನಾ?" ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಇದ್ದೆ."

"ಯಾವ ಕಡೆಗೆ ಹೊಡೀಬೇಕು ಅಂತಾನೇ ಗೊತ್ತಿರಲಿಲ್ಲ ನಂಗೆ."

"ಆದ್ರೂ ಇದ್ದೆ."

ಅವಳ ಕೆನ್ನೆ ಒದ್ದೆಯಾಗಿತ್ತು. ಒರೆಸಲಿಲ್ಲ. ಆಮೇಲೆ, "ಹೊಡೆದ ಮೇಲೆ ನಾನು ಏನ್ ಮಾಡಿದೆ?"

"ನನ್ನ ಕಡೆ ಓಡಿ ಬಂದೆ. ಕಿವೀಲಿ ಏನೋ ಅಂದೆ."

"ಏನಂದೆ?"

"'ಮನೆಗೆ ಹೋಗೋಣ' ಅಂದೆ."

ಅವತ್ತು ಅದನ್ನು ಸಂತೋಷದ ಮಾತು ಎಂದುಕೊಂಡಿದ್ದೆ.

ಅಕ್ಟೋಬರ್ 19, ಶನಿವಾರ

ಮಧ್ಯಾಹ್ನ ಒಂದಕ್ಕೆ. ಎಂಟು ಸಾವಿರ ಜನ. ದೀಪ ಬೇಡ, ಪರದೆ ಬೇಡ, ಗೋಲಿನ ವಿಡಿಯೋ ಬೇಡ ಎಂದು ಮಾರೆನ್ ಮೊದಲೇ ಹೇಳಿದ್ದಳು. ಡ್ವೈಟ್ ಮುಖ ಸಣ್ಣದು ಮಾಡಿಕೊಂಡ, ಒಪ್ಪಿದ. ಅಮ್ಮ ಮೊದಲ ಸಾಲಿನಲ್ಲಿ, ಚರ್ಚಿಗೆ ಹೋಗುವ ಕೋಟಿನಲ್ಲಿ, ತೊಡೆಯ ಮೇಲೆ ರೊಟ್ಟಿಯ ಗಂಟು.

ಅಂಗಿಗಳು ಏರಿದವು. ಗಾಳಿಗೆ ಆರು ಹತ್ತಕ್ಕೆ ಸುತ್ತಿಕೊಂಡಿತು. ಬಿಡಿಸಲು ಒಬ್ಬ ಏಣಿ ಹತ್ತಬೇಕಾಯಿತು. ಜನ ನಕ್ಕರು.

ಮಾರೆನ್ ಮೈಕಿನ ಮುಂದೆ ನಿಂತಳು. ಕನ್ನಡಕ, ಟೋಪಿ. ಒಂದು ಕೈ ನನ್ನ ತೋಳಿನ ಮೇಲೆ.

"ಆ ಗೋಲು ನನಗೆ ನೆನಪಿಲ್ಲ" ಎಂದಳು. "ಮರೆತಿದ್ದಲ್ಲ. ನನ್ನ ತಲೆಗೆ ಪೆಟ್ಟಾಗಿತ್ತು, ನಾನು ಹೇಳಲಿಲ್ಲ. ಎರಡು ವರ್ಷ ಬಿಟ್ಟು ಇನ್ನೊಂದು ಪೆಟ್ಟಾಯ್ತು, ಅವಾಗಲೂ ಹೇಳಲಿಲ್ಲ. ನೀವೆಲ್ಲ ಆ ಗೋಲು ನೋಡಿದೀರಿ. ಚೆನ್ನಾಗಿತ್ತು ಅಂತ ಕೇಳಿದೀನಿ. ನನ್ನ ಕಡೆಯಿಂದ ನೀವೇ ಇಟ್ಕೊಂಡಿರಿ."

ಆಮೇಲೆ ಚಪ್ಪಾಳೆ ಶುರುವಾಯಿತು. ಅವಳ ಬೆರಳುಗಳು ನನ್ನ ತೋಳನ್ನು ಬಿಗಿಹಿಡಿದವು. ಸದ್ದೂ ಅವಳಿಗೆ ಚುಚ್ಚುತ್ತದೆ. ಯಾರು ಮೊದಲು ಅರ್ಥಮಾಡಿಕೊಂಡರೋ ಗೊತ್ತಿಲ್ಲ. ಚಪ್ಪಾಳೆ ನಿಂತುಹೋಯಿತು, ಜನ ಕೈಗಳನ್ನು ಸುಮ್ಮನೆ ಮೇಲೆತ್ತಿ ಹಿಡಿದರು. ಸದ್ದಿಲ್ಲದೆ. ಸ್ಟೇಡಿಯಂ ಪೂರ್ತಿ ಕೈಗಳು. ನೀರಿನ ತಳದ ಗಿಡಗಳಂತೆ ಅಲುಗಾಡುತ್ತಾ.

ನನ್ನ ಸರದಿಗೆ ಬರೆದುಕೊಂಡು ಹೋಗಿದ್ದ ಕಾಗದ ಕಿಸೆಯಲ್ಲೇ ಇದೆ.

ಅಕ್ಟೋಬರ್ 20, ಭಾನುವಾರ

ಹೋದಳು. ಹನ್ನೊಂದರ ಬಸ್ಸು.

ಬಸ್ ನಿಲ್ದಾಣದಲ್ಲಿ ಬೆಂಚಿನ ಮೇಲೆ ಕೂತಿದ್ದೆವು. ಕೈಯಲ್ಲಿ ಅಮ್ಮನ ರೊಟ್ಟಿ.

"ಕ್ಷಮಿಸಿದೀನೋ ಇಲ್ವೋ ಅಂತ ಕೇಳಬೇಡ" ಎಂದಳು.

"ಕೇಳಲ್ಲ."

"ಇನ್ನೂ ಗೊತ್ತಿಲ್ಲ ನಂಗೆ."

"ಸರಿ."

ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟಳು. ಬಸ್ಸು ಬಂತು. ಮೆಟ್ಟಿಲ ಮೇಲೆ ನಿಂತು ತಿರುಗಿದಳು.

"ಆ ನಾಲ್ಕು ಪಂದ್ಯ ನಾನು ನೋಡೇ ಇಲ್ಲ ಡೆಲ್. ವಿಶ್ವಕಪ್ಪಿಂದು. ಕತ್ತಲಲ್ಲಿ ಮಲಗಿದ್ದೆ, ಟಿವಿ ಆಗ್ತಿರಲಿಲ್ಲ. ಆಮೇಲೆ ಬೇಕು ಅನ್ನಿಸಲಿಲ್ಲ."

"ಹೂಂ."

"ಹೇಳು ನಂಗೆ. ಭಾನುವಾರ ಭಾನುವಾರ ಫೋನ್ ಮಾಡ್ತೀನಿ. ಒಂದು ಸಲಕ್ಕೆ ಒಂದು. ಚೆನ್ನಾಗಿ ಆಡಿದ್ರೆ ಚೆನ್ನಾಗಿ ಆಡಿದೆ ಅಂತಾನೇ ಹೇಳು. ನನಗೋಸ್ಕರ ಕಮ್ಮಿ ಮಾಡಬೇಡ."

ಡ್ರೈವರ್ ಹಾರ್ನ್ ಹೊಡೆದ. ಅವಳು ಕಿವಿ ಮುಚ್ಚಿಕೊಂಡು ಒಳಗೆ ಹೋದಳು.

ಅಕ್ಟೋಬರ್ 26, ಶನಿವಾರ

ನಾಳೆ ಭಾನುವಾರ. ಫೋನಿನಲ್ಲಿ ತಡವರಿಸಬಾರದು, ಮೊದಲೇ ಬರೆದಿಡುತ್ತೇನೆ. ಆ ನಾಲ್ಕು ಪಂದ್ಯಗಳ ಬಗ್ಗೆ ಈವರೆಗೆ ಯಾರಿಗೂ ಒಂದು ಮಾತು ಹೇಳಿಲ್ಲ. ಅಮ್ಮನಿಗೂ ಇಲ್ಲ. ಯಾರಾದರೂ ಕೇಳಿದರೆ, ಪರವಾಗಿಲ್ಲ, ಆಡಿದೆ ಎನ್ನುತ್ತಿದ್ದೆ.

ಮೊದಲ ಪಂದ್ಯ. ಮಾರೆನ್, ಹಿಂದಿನ ರಾತ್ರಿ ಮಳೆಯಾಗಿತ್ತು. ಹುಲ್ಲು ಎಷ್ಟು ಹಸಿರಿತ್ತೆಂದರೆ ಕಾಲಿಡಲು ಸಂಕೋಚ. ರಾಷ್ಟ್ರಗೀತೆ ಮುಗಿಯಿತು. ನಾನು ನಿನ್ನ ಜಾಗಕ್ಕೆ ನಡೆದೆ. ನಡುಗುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ನಡುಕದ ಕೆಳಗೆ ಇನ್ನೊಂದಿತ್ತು. ಖುಷಿ. ನೀನು ಅಲ್ಲಿ ಕತ್ತಲಲ್ಲಿ ಮಲಗಿದ್ದೀಯ ಎಂದು ಗೊತ್ತಿತ್ತು, ಆದರೂ ಖುಷಿ. ಸೀಟಿ ಊದಿದರು. ಚೆಂಡು ಹಿಂದಕ್ಕೆ ಹೋಯಿತು, ಪಕ್ಕಕ್ಕೆ ಹೋಯಿತು, ಆಮೇಲೆ ನನ್ನ ಕಡೆಗೆ ಬಂತು. ನಾನು ತಿರುಗಿದೆ, ಮತ್ತು ಮಾರೆನ್, ಅಲ್ಲಿ ನಿಂತು ನೋಡಿದರೆ ಇಡೀ ಅಂಗಳ ಕಾಣುತ್ತಿತ್ತು.